ಹಳದಿ ಕಾರ್ಡು

ನವೆಂಬರ್ 11, ಸೋಮವಾರ. ಬೆಳಿಗ್ಗೆ 6.30

ಜಮಖಾನ ಹಾಸಿ ಮಲಗಿದೆ. ಒಂದೊಂದೇ ಮಂಡಿ ಎದೆಗೆ ಎಳೆದುಕೊಳ್ಳುವುದು — ಹತ್ತು. ಎರಡೂ ಮಂಡಿ ಒಟ್ಟಿಗೆ — ಹತ್ತು. ಎದ್ದು ಕೂತು ಕಾಲ್ಬೆರಳು ಮುಟ್ಟುವುದು — ಎಂಟಕ್ಕೇ ಸೊಂಟ ಹಿಡಿಯಿತು. ನಿಲ್ಲಿಸಿದೆ. ನೋವು ಹತ್ತಕ್ಕೆ ಆರು.

ಹತ್ತಕ್ಕೆ ಇಷ್ಟು ಅಂತ ಅಂಕಿ ಹಾಕಲು ಹೇಳಿದವಳು ಧನ್ಯಶ್ರೀ. ಕಳಸದಲ್ಲಿ ಹೊಸದಾಗಿ ಫಿಸಿಯೋಥೆರಪಿ ಕ್ಲಿನಿಕ್ ತೆರೆದ ಹುಡುಗಿ. ಅವಳಿಗೆ ತೋರಿಸುವ ಅಂಕಿ ಕ್ಯಾಲೆಂಡರಿನಲ್ಲಿ. ಈ ಪುಸ್ತಕ ನನ್ನದು, ಯಾರಿಗೂ ತೋರಿಸುವುದಲ್ಲ.

ನೀರು ತುಂಬುವ ಹಬ್ಬದ ದಿನ ಹಂಡೆಗೆ ಕೊಡ ಎತ್ತಿ ಸುರಿಯುವಾಗ ಸೊಂಟದಲ್ಲಿ ಕಟ್ ಅಂದಿತ್ತು. ಈ ಸಲ ದೀಪಾವಳಿ ಎಲ್ಲ ಮಂಚದ ಮೇಲೆಯೇ.

ಧನ್ಯಶ್ರೀ ಒಂದು ಹಾಳೆ ಕೊಟ್ಟಿದ್ದಾಳೆ. ನಾಲ್ಕು ಚಿತ್ರ. ನಾಲ್ಕರಲ್ಲೂ ಬೋರಲು ಮಲಗಿದ ಹೆಂಗಸು — ಮೊಣಕೈ ಊರಿ ಎದೆ ಎತ್ತಿದ್ದಾಳೆ, ಮೊಸಳೆ ಬಿಸಿಲು ಕಾಯಿಸಿದ ಹಾಗೆ. ಹಾಳೆಯನ್ನು ಮೊಳೆಗೆ ಸಿಕ್ಕಿಸಿ ನನ್ನದೇ ವ್ಯಾಯಾಮ ಮಾಡುತ್ತಿದ್ದೇನೆ. ಕುದುರೆಮುಖದಲ್ಲಿ ಡ್ರೈವರುಗಳ ಸಂಘದ ಬೆನ್ನುನೋವಿನ ರೂಮಿನಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದವಳು ನಾನು. ನಾನೂರು ಬೆನ್ನಾದರೂ ಕಂಡಿದ್ದೇನೆ. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳಂತೆ.

ನವೆಂಬರ್ 13. ಮಧ್ಯಾಹ್ನ

ನೋವು ಆರು. ಕೆಲವೊಮ್ಮೆ ಏಳು.

ಇವರು ಅಡಿಕೆ ಕೊಯ್ಲಿಗೆ ಹೋಗಿದ್ದಾರೆ. ಗಂಜಿ ಮಾಡಿ ಮುಚ್ಚಿಟ್ಟು ಹೋಗಿದ್ದಾರೆ. ಮದುವೆಯಾಗಿ ಮೂವತ್ತೇಳು ವರ್ಷಕ್ಕೆ ಪುಟ್ಟಸ್ವಾಮಿಯವರಿಗೆ ಒಲೆ ಹಚ್ಚಲು ಬಂತು. ಉಪ್ಪು ಮಾತ್ರ ಇನ್ನೂ ಬಂದಿಲ್ಲ.

ಮಲಗಿ ಮಲಗಿ ಆ ರೂಮೇ ಕಣ್ಣ ಮುಂದೆ. ಸಂಘದ ಹಾಲಿನ ಹಿಂದೆ, ಶೀಟು ಹೊದಿಸಿದ ಉದ್ದನೆಯ ರೂಮು. ನೆಲದ ಮೇಲೆ ಸಾಲಾಗಿ ಹಸಿರು ಚಾಪೆ. ಒಂದು ಕೆಂಪು ಬಲ್ಬಿನ ಶಾಖದ ಲ್ಯಾಂಪು. ಎಣ್ಣೆ, ಒದ್ದೆ ಕಾಲುಚೀಲ, ಬೀಡಿ ಎಲ್ಲ ಸೇರಿ ಒಂದು ವಾಸನೆ. ಈಗಲೂ ಎಲ್ಲಾದರೂ ನೋವಿನೆಣ್ಣೆ ವಾಸನೆ ಬಂದರೆ ನನಗೆ ಇಪ್ಪತ್ತೆರಡು ವರ್ಷ.

ಮೂರು ಗಂಟೆಗೆ ಮೊದಲ ಶಿಫ್ಟು ಬಿಟ್ಟು ಗಣಿಯ ಡಂಪರ್ ಡ್ರೈವರುಗಳು ಬರುತ್ತಿದ್ದರು. ಆಳೆತ್ತರದ ಚಕ್ರದ ಗಾಡಿ ಓಡಿಸುವ ಗಂಡಸರು ಚಾಪೆ ಮೇಲೆ ಮಲಗಲು ಗೋಡೆ ಹಿಡಿದು ಕೂರುವರು. ರೂಮಿನ ಫಿಸಿಯೋ ಪರಮೇಶ್ವರಪ್ಪ ಸರ್ ಬೆನ್ನು ಮುಟ್ಟಿ, ಬಗ್ಗಿಸಿ ನೋಡಿ, ಒಬ್ಬೊಬ್ಬರಿಗೂ ಒಂದು ಕಾರ್ಡು ಬರೆದು ಅವರವರ ಚಾಪೆಯ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸುತ್ತಿದ್ದರು. ಕಾರ್ಡಿನಲ್ಲಿದ್ದಷ್ಟು ಮಾಡಿಸಿ, ಎಣಿಸುವುದು ನನ್ನ ಕೆಲಸ. "ಒಂದೂ... ಎರಡೂ..." ಯಾರೂ ಅವಸರ ಮಾಡುವ ಹಾಗಿರಲಿಲ್ಲ. ನನಗಿಂತ ಮೊದಲು ಹತ್ತು ಮುಟ್ಟಿದವರು ಮತ್ತೆ ಒಂದರಿಂದ.

ಸಿಸ್ಟರ್ ಅನ್ನುತ್ತಿದ್ದರು ನನ್ನನ್ನು. ಮೊದಲ ವರ್ಷ "ನಾನು ಸಿಸ್ಟರ್ ಅಲ್ಲ, ಆಯಾ" ಎಂದು ತಿದ್ದುತ್ತಿದ್ದೆ. ಎರಡನೇ ವರ್ಷ ಬಿಟ್ಟೆ. ಕೇಳಲು ಚೆನ್ನಾಗಿತ್ತು.

ನವೆಂಬರ್ 17

ಎಂಟು. ಸೊಂಟದ್ದು ಕೆಳಗಿಳಿದು ಎಡತೊಡೆ ದಾಟಿ ಮೀನಖಂಡಕ್ಕೆ ಬಂದಿದೆ. ಕಿರುಬೆರಳು ಜೋಮು. ಇನ್ನೂ ಐದು ಜಾಸ್ತಿ ಮಾಡಿದೆ, ಬಿಡಲಿಲ್ಲ.

"ನಿನ್ನ ಹಟಕ್ಕೆ ಬೆಂಕಿ ಹಾಕ. ಆ ಹುಡುಗಿ ಕೊಟ್ಟಿದ್ದು ಒಂದ್ಸಲ ಮಾಡಿ ನೋಡು ಮಾರಾಯ್ತಿ" ಅಂದರು ಇವರು. ಬಗ್ಗದ ಬೆನ್ನು ಬಗ್ಗಿಸಬೇಕು, ಅಷ್ಟೇ ಅಂದೆ.

ನವೆಂಬರ್ 26, ಮಂಗಳವಾರ. ಸಂಜೆ

ಒಂಬತ್ತು ದಿನ ಬರೆಯಲಿಲ್ಲ. ಕೂರಲು ಆಗಿರಲಿಲ್ಲ. ಬಚ್ಚಲಿಗೂ ಇವರೇ ಹಿಡಿದುಕೊಂಡು ಹೋದರು. ಅದನ್ನೆಲ್ಲ ಬರೆಯುವುದು ಬೇಡ.

ಇವತ್ತು ಆಟೋದ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಕಳಸಕ್ಕೆ ಹೋದೆ. ಧನ್ಯಶ್ರೀ ಕೇಳಿದಳು, "ಅಮ್ಮಾ, ನಾನು ಹೇಳಿದ್ದು ಮಾಡಿದ್ರಾ, ಬೇರೆ ಏನಾದ್ರೂ ಮಾಡಿದ್ರಾ?" ಏನೋ ಒಂದು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು, "ಅವಳು ಅವಳದ್ದೇ ಮಾಡಿದ್ದು" ಅಂದುಬಿಟ್ಟರು.

ಬೈಯಲಿಲ್ಲ ಹುಡುಗಿ. ಬೋರಲು ಮಲಗಿಸಿದಳು. ಐದು ನಿಮಿಷ ಸುಮ್ಮನೆ. ಆಮೇಲೆ ಮೊಣಕೈ ಊರಿಸಿದಳು. ನಡುನಡುವೆ ಒಂದೇ ಪ್ರಶ್ನೆ — "ನೋವು ಈಗ ಎಲ್ಲಿದೆ?" ಮೀನಖಂಡ ಅಂದೆ. ಸ್ವಲ್ಪ ಹೊತ್ತಿಗೆ ತೊಡೆ ಅಂದೆ. ಇನ್ನೂ ಸ್ವಲ್ಪ ಹೊತ್ತಿಗೆ ಸೊಂಟ ಅಂದೆ. ನನಗೇ ನಂಬಿಕೆಯಾಗಲಿಲ್ಲ.

"ಎಲ್ಲರ ಬೆನ್ನೂ ಒಂದೇ ಥರ ಅಲ್ಲಮ್ಮ. ಕೆಲವರಿಗೆ ಮುಂದೆ ಬಗ್ಗಿದ್ರೆ ಆರಾಮ, ಕೆಲವರಿಗೆ ಹಿಂದೆ ಬಗ್ಗಿದ್ರೆ. ನಿಮ್ದು ಹಿಂದೆ ಬಗ್ಗೋ ಬೆನ್ನು. ನೋವು ಕಾಲಿಂದ ಮೇಲೆ ಬಂತು ಅಂದ್ರೆ ದಾರಿ ಸರಿ. ಕೆಳಗೆ ಇಳೀತಾ ಇದೆ ಅಂದ್ರೆ ತಕ್ಷಣ ನಿಲ್ಲಿಸ್ಬೇಕು. ಅದಕ್ಕೇ ನಾವು ಮೊದ್ಲು ನೋಡಿ, ಆಮೇಲೆ ಹಾಳೆ ಕೊಡೋದು."

ಕೇಳಿ ತಲೆ ಅಲ್ಲಾಡಿಸಿದೆ. ಹಣ ಕೊಟ್ಟು ಹೊರಗೆ ಬಂದೆವು. ಆಟೋ ನಮ್ಮೂರು ಸಂಸೆ ಮುಟ್ಟುವ ಹೊತ್ತಿಗೆ ನೆನಪಾಯಿತು.

ಸರ್ ಹತ್ತಿರ ಎರಡು ಬಣ್ಣದ ಕಾರ್ಡು ಇತ್ತು. ಬಿಳಿ ಮತ್ತು ಹಳದಿ.

ನವೆಂಬರ್ 27. ಬೆಳಿಗ್ಗೆ

ನೋವು ಐದು. ನೋವಿನ ಕಡೆ ಗಮನವೇ ಇಲ್ಲ.

ನೆನಪಿದ್ದಷ್ಟು ಬರೆದು ನೋಡುತ್ತೇನೆ. ಬಿಳಿ ಕಾರ್ಡು ಹೆಚ್ಚು ಜನಕ್ಕೆ, ಹಳದಿ ಕೆಲವರಿಗೆ. ಬಿಳಿಯದರಲ್ಲಿ ಮಂಡಿ ಎದೆಗೆ, ಕಾಲ್ಬೆರಳು ಮುಟ್ಟುವುದು. ಹಳದಿಯದರಲ್ಲಿ ಬೋರಲು. ಬಿಳಿ ಕಾರ್ಡು ಪ್ರೆಸ್ಸಿನಿಂದ ಬಂದದ್ದು ಮುಗಿದಾಗ ಸರ್ ಹಳದಿಯಲ್ಲಿ ಬರೆಯುತ್ತಾರೆ ಎಂದುಕೊಂಡಿದ್ದೆ. ಬೋರಲು ಮಲಗುವುದು ಇನ್ನೊಂದು ಬಗೆ, ಯಾವುದಾದರೇನು ಎಂದುಕೊಂಡಿದ್ದೆ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಸರ್ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ. ಕೇಳಿದರೆ ಸಿಸ್ಟರ್ ಅನ್ನಿಸಿಕೊಂಡವಳಿಗೆ ಏನೂ ಗೊತ್ತಿಲ್ಲ ಅಂತ ಆಗುತ್ತಿತ್ತಲ್ಲ.

ಗಣಿ ನಿಂತಿತು. ಸರ್ ದಾವಣಗೆರೆಗೆ ಹೋದರು. ಸಂಘದವರು, "ಇರೋ ಕಾರ್ಡು ನೋಡ್ಕೊಂಡು ಮಾಡಿಸ್ತಿರಿ ತಿಮ್ಮಮ್ಮ" ಅಂದರು. ಹೊಸಬರನ್ನು ಸೇರಿಸಲಿಲ್ಲ, ಅಷ್ಟು ಬುದ್ಧಿ ಇತ್ತು. ಆ ಮಳೆಗಾಲ... ಬೆಂಕಿಪೊಟ್ಟಣವನ್ನೂ ಒಲೆಯ ಪಕ್ಕ ಇಟ್ಟು ಕಾಪಾಡಬೇಕಾದ ಮಳೆ. ಗೋಡೆ ಬೆವರಿ ಕಾರ್ಡಿಗೆಲ್ಲ ಬೂಷ್ಟು ಹಿಡಿಯಿತು. ನಾನು ಎಲ್ಲ ಕಿತ್ತು ಒಲೆಗೆ ಹಾಕಿ ಸರ್ ಬೀರುವಿನಿಂದ ಹೊಸ ಕಟ್ಟು ತೆಗೆದೆ. ಇದ್ದದ್ದು ಬಿಳಿ ಮಾತ್ರ, ಮಂಡಿ ಎದೆಗೆ ಎಳೆಯುವುದೇ ಅಚ್ಚಾಗಿದ್ದದ್ದು. ಎಷ್ಟು ಚೆನ್ನಾಗಿ ಹೆಸರು ಬರೆದು ಸಾಲಾಗಿ ಸಿಕ್ಕಿಸಿದ್ದೆ. ಎಲ್ಲ ಒಂದೇ ಬಣ್ಣ, ನೋಡಲು ಲಕ್ಷಣ ಎಂದುಕೊಂಡು ಹಿಂದೆ ನಿಂತು ನೋಡಿದ್ದೂ ನೆನಪಿದೆ.

ಬಾಗಿಲ ಪಕ್ಕದ ಚಾಪೆ ಡ್ರೈವರ್ ಚಿಕ್ಕಯ್ಯನದು. ಬಾಳೂರಿನವರು. ಅವರ ಕಾರ್ಡು ಹಳದಿ. ಅನುಮಾನವೇ ಇಲ್ಲ. ಅದರ ಮೂಲೆಯಲ್ಲಿ ಅವರ ಮಗಳು ಪೆನ್ಸಿಲಿನಲ್ಲಿ ಬೆಕ್ಕು ಬರೆದಿದ್ದಳು.

ರೂಮು ಮುಚ್ಚುವವರೆಗೆ ಐದು ತಿಂಗಳು ಅವರ ಮಂಡಿಯನ್ನು ಎದೆಗೆ ಎಳೆಸಿದ್ದೇನೆ.

ಡಿಸೆಂಬರ್ 3

ಬೋರಲು ಐದು ನಿಮಿಷ. ಮೊಣಕೈ ಊರಿ ಎರಡು ನಿಮಿಷ. ಅಂಗೈ ಊರಿ ಹತ್ತು ಸಲ. ದಿನಕ್ಕೆ ನಾಲ್ಕು ಹೊತ್ತು. ಇವರು ಪಕ್ಕದಲ್ಲಿ ಅಡಿಕೆ ಸುಲಿಯುತ್ತಾ ಎಣಿಸುತ್ತಾರೆ. ಏಳರಿಂದ ಒಂಬತ್ತಕ್ಕೆ ಹಾರುತ್ತಾರೆ. "ಎಂಟು ಎಲ್ಲಿ?" ಅಂದರೆ "ಅಡಿಕೆ ಜೊತೆ ಬುಟ್ಟಿಗೆ ಬಿತ್ತು" ಅನ್ನುತ್ತಾರೆ.

ಕಳಸದ ಬಸ್ ಸ್ಟ್ಯಾಂಡಿನಲ್ಲಿ ಸುಬ್ಬಣ್ಣ ಸಿಕ್ಕಿದರು. ಹಳೆಯ ಡಂಪರ್ ಡ್ರೈವರ್, ನಮ್ಮ ರೂಮಿನವರೇ. ತಲೆ ಪೂರ್ತಿ ಬಿಳಿ. ಅದೂ ಇದೂ ಮಾತಾಡಿ ಚಿಕ್ಕಯ್ಯನ ಸುದ್ದಿ ಕೇಳಿದೆ.

"ಬಾಳೂರಲ್ಲೇ ಇದ್ದಾನೆ, ಮಗಳ ಮನೇಲಿ. ಬೆನ್ನು ಹೋಯ್ತು ಸಿಸ್ಟ್ರೇ ಅವನ್ದು. ಕೋಲು ಹಿಡ್ಕೊಂಡು ನೆಲ ನೋಡ್ಕೊಂಡು ನಡೀತಾನೆ."

ಪರಮೇಶ್ವರಪ್ಪ ಸರ್ ಕೊರೊನಾ ವರ್ಷ ತೀರಿಕೊಂಡರಂತೆ. ಅದೂ ಇವತ್ತೇ ತಿಳಿಯಿತು. ಇನ್ನು ಕೇಳಲು ಯಾರೂ ಇಲ್ಲ.

ಡಿಸೆಂಬರ್ 5

ನೋವು ನಾಲ್ಕು. ನಿದ್ದೆ ಇಲ್ಲ.

ಇವರಿಗೆ ಹೇಳಿದೆ. ಸುಲಿಯುವ ಕತ್ತಿ ಕೆಳಗಿಟ್ಟು ಕೇಳಿದರು. "ಇಪ್ಪತ್ತು ವರ್ಷ ಡಂಪರ್ ಹೊಡೆದ ಬೆನ್ನು ಅದು. ನಿನ್ನ ಒಂದು ಕಾರ್ಡಿಂದ ಹೋಯ್ತಾ?" ಅಂದರು. ಇರಬಹುದು. ಆದರೆ ನಾನು ಒಂಬತ್ತು ದಿನ ಹಾಸಿಗೆ ಹಿಡಿದದ್ದು ಕಂಡಿದ್ದಾರಲ್ಲ. ಚಿಕ್ಕಯ್ಯನಿಗೆ ಐದು ತಿಂಗಳು.

ಬಾಳೂರಿಗೆ ಹೋಗಬೇಕು. ಮುಖಾಮುಖಿ ಹೇಳಬೇಕು. ಫೋನಿನಲ್ಲಿ ಹೇಳುವ ಮಾತಲ್ಲ.

ಸಂಸೆಯಿಂದ ಕಳಸ, ಅಲ್ಲಿ ಬಸ್ ಬದಲಿಸಿ ಹಿರೇಬೈಲ್ ದಾಟಿ ಬಾಳೂರು. ಎಲ್ಲ ಸೇರಿ ಒಂದೂವರೆ ಗಂಟೆ, ಬರೀ ತಿರುವು. ನಾನೀಗ ಕೂರಬಲ್ಲದ್ದು ಹನ್ನೆರಡು ನಿಮಿಷ. ಧನ್ಯಶ್ರೀಗೆ ಬಸ್ಸಿನ ವಿಷಯ ಮಾತ್ರ ಹೇಳಿದೆ. "ಸಂಕ್ರಾಂತಿವರೆಗೆ ಟೈಮ್ ಕೊಡಿ, ಹಾಳೆ ಬಿಡಬೇಡಿ" ಅಂದಳು. ಟವೆಲ್ ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳುವುದನ್ನು ತೋರಿಸಿದಳು.

ಡಿಸೆಂಬರ್ 14

ಕೂತದ್ದು ಇಪ್ಪತ್ತು ನಿಮಿಷ. ನೋವು ಮೂರು, ಸೊಂಟದಲ್ಲೇ. ಕಾಲಿಗಿಳಿದಿಲ್ಲ.

ಡಿಸೆಂಬರ್ 23. ಬೆಳಿಗ್ಗೆ

ಮೂವತ್ತೈದು ನಿಮಿಷ. ಅಂಗಳಕ್ಕೆ ಕುರ್ಚಿ ಹಾಕಿ ಕೂತಿದ್ದೆ. ಮಂಜು ಬಿಟ್ಟಿರಲಿಲ್ಲ, ಕಣದಲ್ಲಿ ಹಾಸಿದ ಅಡಿಕೆ ಕಾಣುತ್ತಿರಲಿಲ್ಲ. ಇಂಥ ಬೆಳಗಿನಲ್ಲೇ ಆರೂಕಾಲಿನ ಬಸ್ಸಿಗೆ ಓಡುತ್ತಿದ್ದೆ. ಕೈಯಲ್ಲಿ ಟಿಫಿನ್ ಡಬ್ಬಿ, ತಲೆಗೆ ಸ್ಕಾರ್ಫು. ಬಸ್ಸಿಗಿಂತ ಮೊದಲು ಅದರ ಲೈಟು ಮಂಜಿನಲ್ಲಿ ಕಾಣುವುದು. ಟೌನ್‌ಶಿಪ್ಪಿನಲ್ಲಿ ಇಳಿದರೆ ಎಷ್ಟು ಜನ, ಎಷ್ಟು ಭಾಷೆ. ತಮಿಳು, ಮಲಯಾಳಂ, ತುಳು. ಕ್ಯಾಂಟೀನಿನ ಚಹಾ. ಶಾಲೆಯ ಮಕ್ಕಳ ಸಾಲು. ಮೂರು ವರ್ಷದ ಹಿಂದೆ ಒಂದು ಮದುವೆಗೆ ಆ ದಾರಿಯಲ್ಲಿ ಹೋಗಿದ್ದೆ. ಕ್ವಾರ್ಟರ್ಸಿನ ಕಿಟಕಿಯಿಂದ ಗಿಡ ಹೊರಗೆ ಬಂದಿತ್ತು. ಸಂಘದ ಹಾಲು ಎಲ್ಲಿತ್ತು ಎಂದೇ ಗುರುತು ಸಿಗಲಿಲ್ಲ.

ಆ ದಿನಗಳನ್ನು ನೆನೆದರೆ ಯಾವಾಗಲೂ ಸುಖವಾಗುತ್ತಿತ್ತು. ನನ್ನ ಬದುಕಿನಲ್ಲಿ ನಾನೂ ಏನೋ ಮಾಡಿದೆ ಅಂತಿದ್ದರೆ ಅದೊಂದೇ. ಈಗ ನೆನೆಯಲು ಹೆದರಿಕೆ.

ಜನವರಿ 2

ಐವತ್ತು ನಿಮಿಷ. ಆದರೆ ಕುರ್ಚಿ ಅಲುಗುವುದಿಲ್ಲ, ಬಸ್ಸು ಅಲುಗುತ್ತದೆ. ಇವರು "ಜೀಪ್ ಮಾಡ್ಲಾ?" ಅಂದರು. ಜೀಪಿನಲ್ಲಿ ಹೋದರೆ ಬೆನ್ನು ಒಂದು ಕಡೆ, ನಾನು ಒಂದು ಕಡೆ ಇಳಿಯಬೇಕಾಗುತ್ತದೆ.

ಜನವರಿ 18, ಶನಿವಾರ. ಸಂಜೆ 7

ಹೋಗಿ ಬಂದೆ.

ಇವರು ಜೊತೆಗೆ ಬರುತ್ತೇನೆಂದರು, ಬೇಡ ಅಂದೆ. ಬಸ್ಸಿನಲ್ಲಿ ಟವೆಲ್ ಸುರುಳಿ ಇಟ್ಟು ಕೂತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕಂಬಿ ಹಿಡಿದು ನಿಂತೆ. ಮೂರನೇ ಸಲ ಎದ್ದಾಗ ಕಂಡಕ್ಟರ್, "ಎಂತ ಅಮ್ಮ, ಸೀಟು ಚುಚ್ಚುತ್ತಾ?" ಅಂದ. ಬೆನ್ನಿನ ವ್ಯಾಯಾಮ ಅಂದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಅದೇನಂತ ನಂಗೂ ಹೇಳಿ ಅಮ್ಮ" ಅಂದ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಚಿಕ್ಕಯ್ಯ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದರು. ನನ್ನನ್ನು ಕಂಡು ಎದ್ದರು. ಎದ್ದರೂ ಕೂತಷ್ಟೇ ಎತ್ತರ. ಮುಖ ನೋಡಬೇಕಾದರೆ ಕತ್ತು ಓರೆ ಮಾಡಬೇಕು. ಆರಡಿ ಆಳು. ನನಗೆ ಅಲ್ಲೇ ಕಣ್ಣಲ್ಲಿ ನೀರು.

"ಸಿಸ್ಟ್ರೇ... ಎಷ್ಟು ವರ್ಷ ಆಯ್ತು. ಶಿಲ್ಪಾ, ಕಾಫಿ ಮಾಡು. ನಮ್ಮ ಸಿಸ್ಟ್ರು ಬಂದಿದ್ದಾರೆ." ಶಿಲ್ಪಾ ಅವರ ಮಗಳು, ಅಂಗನವಾಡಿ ಟೀಚರ್.

ಕಾಫಿ ಬರುವ ಮೊದಲೇ ಹೇಳಿಬಿಟ್ಟೆ. ಹಳದಿ, ಬಿಳಿ, ಬೂಷ್ಟು, ಎಲ್ಲ. ಹೇಳುವಾಗ ಅವರ ಕಾಲು ನೋಡುತ್ತಿದ್ದೆ.

ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ನಕ್ಕರು.

"ಕಾರ್ಡು ಬದ್ಲಾಗಿದ್ದು ನಂಗೆ ಅವತ್ತೇ ಗೊತ್ತಾಯ್ತು ಸಿಸ್ಟ್ರೇ. ಬೋರಲು ಮಲಗೋನು ನಾನು, ಅಂಗಾತ ಮಲಗಿ ಅಂದ್ರಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸಂಘದಲ್ಲಿ ಕೇಳೋಕೆ ಹೋಗ್ತಿದ್ರಿ. ಸೆಕ್ರೆಟರಿ ಮೊದ್ಲೇ ಆ ರೂಮು ಮುಚ್ಚೋಕೆ ಕಾಯ್ತಾ ಇದ್ದ. ಆಯಾ ಕೈಲಿ ಇದೆಲ್ಲ ಆಗಲ್ಲ ಅಂತ ಅವತ್ತೇ ಬೀಗ ಹಾಕ್ತಿದ್ದ. ಆರು ಜನ ಮಾತಾಡ್ಕೊಂಡಿದ್ವಿ. ದಿನಾ ಇಬ್ರಾದ್ರೂ ಹೋಗಿ ರಿಜಿಸ್ಟರಿಗೆ ಸೈನ್ ಹಾಕ್ಬೇಕು ಅಂತ. ಜನ ಬರ್ತಿದ್ದಾರೆ ಅಂದ್ರೆ ಮುಚ್ಚೋ ಹಾಗಿಲ್ವಲ್ಲ."

"ಯಾಕೆ?"

"ಯಾಕೆ ಅಂದ್ರೆ? ಇಡೀ ಊರಿಗೆ ಕೆಲ್ಸ ಹೋಗಿತ್ತು. ನಿಮ್ದೊಂದು ಇತ್ತು, ಇರ್ಲಿ ಅಂತ." ಕತ್ತು ಓರೆ ಮಾಡಿ ನನ್ನ ಮುಖ ನೋಡಿದರು. "ನಮ್ಗೂ ಮೂರು ಗಂಟೆ ಆದ್ರೆ ಎಲ್ಲಾದ್ರೂ ಹೋಗ್ಬೇಕಿತ್ತು ಸಿಸ್ಟ್ರೇ. ಮನೇಲಿ ಕೂತ್ರೆ ಹೆಂಡ್ತಿ ಮುಖ ನೋಡೋಕೆ ಆಗ್ತಿರ್ಲಿಲ್ಲ."

ನೋವಾಗುತ್ತಿರಲಿಲ್ಲವೇ ಎಂದು ಕೇಳಿದೆ. ಮೊದಲ ವಾರ ಆಯಿತಂತೆ. ಆಮೇಲೆ ಮಾಡುವುದನ್ನೇ ಬಿಟ್ಟರಂತೆ. "ನೀವು ಕಿಟಕಿ ಕಡೆ ನೋಡ್ಕೊಂಡು ಎಣಿಸ್ತಿದ್ರಿ. ನಾನು ಸುಮ್ನೆ ಮಲಗಿರ್ತಿದ್ದೆ. ಈ ಬೆನ್ನು ಹೋಗಿದ್ದು ನಿಮ್ಮಿಂದ ಅಲ್ಲ. ಮೆಣಸು ಕೊಯ್ಯೋ ಏಣಿಯಿಂದ ಬಿದ್ದು, ಎಂಟು ವರ್ಷದ ಹಿಂದೆ."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಾಫಿ ಕುಡಿದೆ. ಅಕ್ಕಿರೊಟ್ಟಿ ತಿಂದೆ. ಹಳೆಯದೆಲ್ಲ ಮಾತಾಡಿದೆವು. ಸೈರನ್, ಕ್ಯಾಂಟೀನು, ಪರಮೇಶ್ವರಪ್ಪ ಸರ್ ಕೊಡೆ ಮರೆಯುತ್ತಿದ್ದದ್ದು. ಇಷ್ಟು ನಕ್ಕು ಎಷ್ಟು ದಿನವಾಗಿತ್ತು.

ಹೊರಡುವಾಗ ಶಿಲ್ಪಾ ಬಸ್ಸಿನವರೆಗೆ ಬಂದಳು. ಮಾತಿಗೆ ಕೇಳಿದೆ, ಏಣಿಯಿಂದ ಬಿದ್ದಾಗ ಯಾವ ಆಸ್ಪತ್ರೆಗೆ ತೋರಿಸಿದಿರಿ ಎಂದು.

"ಏಣಿನಾ? ಅಪ್ಪ ಯಾವತ್ತು ಏಣಿ ಹತ್ತಿದ್ರು ಆಂಟಿ? ಕುದುರೆಮುಖ ಬಿಟ್ಟು ಇಲ್ಲಿಗೆ ಬಂದಾಗ್ಲೇ ಕೋಲು ಹಿಡ್ಕೊಂಡಿದ್ರು. ನಾನಾಗ ಆರನೇ ಕ್ಲಾಸು."

ಬಸ್ಸು ಬಂತು. ಹತ್ತಿದೆ. ಕಳಸದವರೆಗೆ ಎದ್ದು ನಿಲ್ಲುವುದೂ ನೆನಪಾಗಲಿಲ್ಲ.

ಜನವರಿ 19

ನೋವು ಏಳು. ಬಸ್ಸಿನದು. ಹಾಳೆ ಮೂರು ಹೊತ್ತು ಮಾಡಿದೆ.

ಇವರಿಗೆ ಎಲ್ಲ ಹೇಳಿದೆ. "ನಿನ್ನ ಮುಖ ನೋಡಿ ಸುಳ್ಳು ಹೇಳಿದ್ದಾನೆ. ಪುಣ್ಯಾತ್ಮ" ಅಂದರು.

ಮಾಡುವುದನ್ನು ಬಿಟ್ಟಿದ್ದೆ ಅಂದದ್ದೂ ಸುಳ್ಳೇ. ನಾನು ಕಿಟಕಿ ನೋಡುತ್ತಿದ್ದದ್ದು ನಿಜ, ಆದರೆ ಅವರು ಹಲ್ಲು ಕಚ್ಚುವುದು ಕೇಳುತ್ತಿತ್ತು. ಆಗಲೂ ಕೇಳುತ್ತಿತ್ತು. ಒಳ್ಳೆಯದಾಗುವ ನೋವು ಎಂದುಕೊಂಡು ಎಣಿಸುತ್ತಲೇ ಹೋದೆ. ಆ ಡ್ರೈವರುಗಳನ್ನು ನಾನು ನೋಡಿಕೊಂಡೆ ಎಂದು ಇಷ್ಟು ವರ್ಷ ಬೀಗಿದ್ದೆ. ನನ್ನನ್ನು ಅವರು ನೋಡಿಕೊಂಡಿದ್ದರು. ನಿನ್ನೆಯೂ.

ಜನವರಿ 20, ಸೋಮವಾರ. ಬೆಳಿಗ್ಗೆ 9

ಚಿಕ್ಕಯ್ಯನಿಗೆ ಫೋನ್ ಮಾಡಿದೆ. ಏಣಿಯ ಮಾತು ಎತ್ತಲಿಲ್ಲ. ಬುಧವಾರ ಶಿಲ್ಪಾಳನ್ನು ಕರೆದುಕೊಂಡು ಕಳಸಕ್ಕೆ ಬನ್ನಿ, ಒಬ್ಬರಿಗೆ ತೋರಿಸೋಣ ಅಂದೆ.

"ಅಷ್ಟು ದೂರ ಎಂತಕ್ಕೆ? ನೀವೇ ಯಾವುದು ಮಾಡ್ಬೇಕು ಹೇಳಿ ಸಿಸ್ಟ್ರೇ, ಮಾಡ್ತೀನಿ."

"ನಂಗೆ ಗೊತ್ತಿಲ್ಲ ಚಿಕ್ಕಯ್ಯ" ಅಂದೆ.

ಹಾಗಾದರೆ ಬರುತ್ತೇನೆ ಅಂದರು.

ಇಷ್ಟು ವರ್ಷಕ್ಕೆ ಧನ್ಯಶ್ರೀ ಏನು ಸರಿಮಾಡಿಯಾಳೋ ಗೊತ್ತಿಲ್ಲ. ನೇರವಾಗುವುದಿಲ್ಲ ಅದು, ನನಗೂ ತಿಳಿಯುತ್ತದೆ. ನೋವು ಒಂದು ಅಂಕಿ ಇಳಿದರೂ ಇಳಿಯಲಿ.

ಉಳಿದವರನ್ನೂ ಹುಡುಕಬೇಕು. ಸೈನ್ ಹಾಕಿದ ಆರು ಜನ. ಮರೆಯುವ ಮೊದಲು ಬರೆದಿಡುತ್ತೇನೆ.

ಚಿಕ್ಕಯ್ಯ — ಹಳದಿ.

ಸುಬ್ಬಣ್ಣ — ಮೊದಲಿಂದಲೂ ಬಿಳಿ. ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ.

ಲಕ್ಕಯ್ಯ — ಬಿಳಿ ಅನ್ನಿಸುತ್ತದೆ. ಕೇಳಬೇಕು.

ಶಾಂತವೀರಪ್ಪ — ಹಳದಿ. ತೀರಿಕೊಂಡು ನಾಲ್ಕು ವರ್ಷವಂತೆ.

ಸುರೇಂದ್ರ — ಗೊತ್ತಿಲ್ಲ. ಮಂಗಳೂರಲ್ಲಿದ್ದಾರೆ, ನಂಬರ್ ಸುಬ್ಬಣ್ಣ ಕೊಡುತ್ತಾರೆ.

ಇನ್ನೊಬ್ಬರು. ಕಿಟಕಿಯ ಕೆಳಗಿನ ಚಾಪೆ. ಕುಳ್ಳಗೆ, ಮಾತು ಕಡಿಮೆ. ಒಂದು ದಿನವೂ ತಪ್ಪಿಸಿದವರಲ್ಲ. ಮಳೆ ಬಂದರೂ ಬರುತ್ತಿದ್ದರು, ಹೋಗುವಾಗ ಚಾಪೆಗಳನ್ನೆಲ್ಲ ಅವರೇ ಸುತ್ತಿಡುತ್ತಿದ್ದರು. ಕಾರ್ಡಿನ ಮೇಲೆ ನಾನೇ ನನ್ನ ಕೈಯಾರೆ ಅವರ ಹೆಸರು ಬರೆದಿದ್ದೇನೆ. ಹೆಸರು —